ಲಸಿಕೆಗೂ ರಕ್ಷಣೆಗೂ ನಡುವಿನ ಏಳು ದಿನಗಳು: ಕಾಲುಬಾಯಿ ಜ್ವರ ಮತ್ತು ಇಂಟರ್‌ಫೆರಾನ್

ಹಳ್ಳಿಯೊಂದಕ್ಕೆ ಕಾಲುಬಾಯಿ ಜ್ವರ ಕಾಲಿಟ್ಟಿತೆಂಬ ಸುಳಿವು ಅನೇಕ ವೇಳೆ ಪಶುವೈದ್ಯರಿಗಿಂತ ಮೊದಲು ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಗೆ ಸಿಗುತ್ತದೆ. ನಿನ್ನೆ ಹತ್ತು ಲೀಟರ್ ಹಾಕಿದ ಮನೆಯಿಂದ ಇಂದು ನಾಲ್ಕು ಲೀಟರ್ ಬರುತ್ತದೆ. ನಾಳೆ ಆ ಮನೆಯವರು ಕ್ಯಾನು ಹಿಡಿದು ಬರುವುದೇ ಇಲ್ಲ. ಕೊಟ್ಟಿಗೆಗೆ ಹೋಗಿ ನೋಡಿದರೆ ಹಸು ಜೊಲ್ಲು ಸುರಿಸುತ್ತ, ಕಾಲೂರಲಾರದೆ ನಿಂತಿರುತ್ತದೆ. ನಾಲಿಗೆ, ವಸಡು, ಗೊರಸಿನ ಸಂದು, ಮೊಲೆತೊಟ್ಟುಗಳ ಮೇಲೆ ಗುಳ್ಳೆಗಳು ಎದ್ದಿರುತ್ತವೆ. ಆಗ ಸುತ್ತಲಿನ ಹಳ್ಳಿಗಳಲ್ಲಿ ತುರ್ತಾಗಿ ಲಸಿಕೆ ಹಾಕುವ ಕಾರ್ಯ ಆರಂಭವಾಗುತ್ತದೆ. ಆದರೆ ಲಸಿಕೆ ಚುಚ್ಚಿದ ಕ್ಷಣದಿಂದಲೇ ಹಸುವಿಗೆ ರಕ್ಷಣೆ ದೊರೆಯುವುದಿಲ್ಲ. ಪ್ರತಿಕಾಯಗಳು ಸಾಕಷ್ಟು ಪ್ರಮಾಣದಲ್ಲಿ ರೂಪುಗೊಳ್ಳಲು ಸಾಮಾನ್ಯವಾಗಿ ಒಂದು ವಾರ ಬೇಕು. ಗಾಳಿಯಲ್ಲಿ, ಮೇವಿನಲ್ಲಿ, ಹಾಲಿನ ವಾಹನದ ಚಕ್ರದಲ್ಲಿ, ಮನುಷ್ಯರ ಚಪ್ಪಲಿಯಲ್ಲಿ ಸಾಗಬಲ್ಲ ಈ ವೈರಾಣುವಿಗೆ ಒಂದು ವಾರವೆಂಬುದು ಧಾರಾಳ ಕಾಲಾವಕಾಶ.

ಈ ಏಳು ದಿನಗಳ ಕಂದಕವನ್ನು ಮುಚ್ಚಲು ಪ್ರಾಣಿಯ ದೇಹವೇ ತಯಾರಿಸುವ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಬಳಸಬಹುದೇ ಎಂಬ ಪ್ರಶ್ನೆ ಕಳೆದ ಎರಡೂವರೆ ದಶಕಗಳಿಂದ ಪಶುವಿಜ್ಞಾನಿಗಳನ್ನು ಕಾಡುತ್ತಿದೆ. ಪ್ರಯೋಗಾಲಯದಿಂದ ದೊರೆತಿರುವ ಉತ್ತರ ಬಹುಮಟ್ಟಿಗೆ ಆಶಾದಾಯಕ. ಮಾರುಕಟ್ಟೆಯಿಂದ ದೊರೆತಿರುವ ಉತ್ತರ ಬೇರೆ. ಹೈನುಗಾರಿಕೆ, ಪಶು ಆಹಾರ, ಲಸಿಕೆ ಹಾಗೂ ಔಷಧ ತಯಾರಿಕೆ, ಚರ್ಮೋದ್ಯಮಗಳಲ್ಲಿ ಬಂಡವಾಳ ತೊಡಗಿಸಿರುವವರು ಇವೆರಡನ್ನೂ ತಿಳಿದಿರುವುದು ಲೇಸು.

ಒಂದು ರೋಗದ ಬೆಲೆ

ಕಾಲುಬಾಯಿ ಜ್ವರದಿಂದ ವಯಸ್ಕ ಜಾನುವಾರುಗಳು ಸಾಯುವುದು ಕಡಿಮೆ. ಹೀಗಾಗಿಯೇ ಇದರ ನಷ್ಟವನ್ನು ಲಘುವಾಗಿ ಕಾಣುವ ಪ್ರವೃತ್ತಿ ಬೆಳೆದುಬಂದಿದೆ. ವಾಸ್ತವದಲ್ಲಿ ಗುಣಮುಖವಾದ ಹಸು ಹಿಂದಿನ ಹಾಲಿನ ಇಳುವರಿಗೆ ಮರಳದಿರಬಹುದು. ಕೆಚ್ಚಲು ಬಾವು, ಗರ್ಭಪಾತ, ಬಿಸಿಲಿಗೆ ಏದುಸಿರು ಬಿಡುವ ತೊಂದರೆ ಬೆನ್ನುಹತ್ತುತ್ತವೆ. ಎಳೆಗರುಗಳು ಹೃದಯದ ಸ್ನಾಯು ಜಖಂಗೊಂಡು ಸಾಯುತ್ತವೆ. ನಮ್ಮ ನಾಟಿ ತಳಿಗಳಿಗಿಂತ ಹೆಚ್ಚು ಹಾಲು ಕೊಡುವ ಮಿಶ್ರತಳಿಗಳೇ ಹೆಚ್ಚು ನರಳುತ್ತವೆ. 2013ರಲ್ಲಿ ಕರ್ನಾಟಕದಲ್ಲಿ, ವಿಶೇಷವಾಗಿ ಹೈನುಗಾರಿಕೆಯನ್ನೇ ನೆಚ್ಚಿಕೊಂಡ ಬೆಂಗಳೂರು ಸುತ್ತಲಿನ ಹಾಗೂ ಕೋಲಾರ ಭಾಗದ ಜಿಲ್ಲೆಗಳಲ್ಲಿ, ರೋಗ ಉಲ್ಬಣಿಸಿ ಸಾವಿರಾರು ರಾಸುಗಳು ಸತ್ತುದನ್ನು ಆ ಭಾಗದ ರೈತರು ಮರೆತಿಲ್ಲ. ಸಾಲ ಮಾಡಿ ಕೊಂಡ ಹಸು ಹೋದರೂ ಬ್ಯಾಂಕಿನ ಕಂತು ಹೋಗುವುದಿಲ್ಲ.

ಸಿರಿವಂತ ರಾಷ್ಟ್ರಗಳ ಅನುಭವವೂ ಹಗುರವಾದುದಲ್ಲ. 2001ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ಕಸಾಯಿಖಾನೆಯೊಂದರಲ್ಲಿ ಪತ್ತೆಯಾದ ಸೋಂಕು ಕೆಲವೇ ವಾರಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ರೋಗ ದೃಢಪಟ್ಟ ಜಾಗಗಳು ಸುಮಾರು 2,000. ಆದರೆ ಸೋಂಕು ತಡೆಯಲೆಂದು ಕೊಲ್ಲಲಾದ ಪ್ರಾಣಿಗಳ ಸಂಖ್ಯೆ 60 ಲಕ್ಷಕ್ಕೂ ಹೆಚ್ಚು. ಸರ್ಕಾರದ ಬೊಕ್ಕಸಕ್ಕೆ ಸುಮಾರು 300 ಕೋಟಿ ಪೌಂಡ್, ಖಾಸಗಿ ವಲಯಕ್ಕೆ ಸುಮಾರು 500 ಕೋಟಿ ಪೌಂಡ್ ಹೊರೆ ಬಿದ್ದಿತು. ಖಾಸಗಿ ನಷ್ಟದಲ್ಲಿ ಪ್ರವಾಸೋದ್ಯಮದ ಪಾಲು ಬಹು ದೊಡ್ಡದು ಎಂಬುದು ಗಮನಾರ್ಹ. 2025ರ ಜನವರಿಯಲ್ಲಿ ಜರ್ಮನಿಯ ಬ್ರಾಂಡೆನ್‌ಬುರ್ಗ್ ಪ್ರಾಂತದ ಎಮ್ಮೆಗಳ ಹಿಂಡೊಂದರಲ್ಲಿ ರೋಗ ಕಾಣಿಸಿಕೊಂಡಿತು. ಆ ದೇಶದಲ್ಲಿ 1988ರ ನಂತರ ಅದೇ ಮೊದಲು. ಒಂದೇ ಹಿಂಡಿನ ಸುದ್ದಿಗೆ ಹಲವು ದೇಶಗಳು ಜರ್ಮನಿಯ ಮಾಂಸ ಮತ್ತು ಹಾಲಿನ ಉತ್ಪನ್ನಗಳಿಗೆ ಬಾಗಿಲು ಮುಚ್ಚಿದವು. ಅದೇ ಮಾರ್ಚ್‌ನಲ್ಲಿ ಹಂಗೇರಿ, ಸ್ಲೊವಾಕಿಯಾಗಳ ಸರದಿ ಬಂದಿತು.

ಭಾರತದಲ್ಲಿ ಮಾರ್ಗ ಲಸಿಕೆಯದು, ಸಾಮೂಹಿಕ ವಧೆಯದಲ್ಲ. ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲೋಸಿಸ್ ನಿಯಂತ್ರಣಕ್ಕೆಂದು 13,343 ಕೋಟಿ ರೂಪಾಯಿ ಅಂದಾಜಿನ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು 2019ರ ಸೆಪ್ಟೆಂಬರ್ 11ರಂದು ಮಥುರೆಯಲ್ಲಿ ಆರಂಭಿಸಲಾಯಿತು. 2030ರ ಹೊತ್ತಿಗೆ ರೋಗವನ್ನು ನಿರ್ಮೂಲಗೊಳಿಸುವುದು ಅದರ ಗುರಿ. ಆರು ತಿಂಗಳಿಗೊಮ್ಮೆ ರೈತನ ಬಾಗಿಲಿಗೆ ಬರುವ ಉಚಿತ ಲಸಿಕೆ ಇದರ ಫಲ. ದೇಶದಲ್ಲಿ ಓಡಾಡುತ್ತಿರುವ ಒ, ಎ ಮತ್ತು ಏಷ್ಯಾ-1 ಎಂಬ ಮೂರೂ ಬಗೆಯ ವೈರಾಣುಗಳನ್ನು ಈ ಲಸಿಕೆ ಒಳಗೊಂಡಿದೆ. ಜಗತ್ತಿನಲ್ಲಿ ಗುರುತಿಸಲಾದ ಬಗೆಗಳು ಒಟ್ಟು 7. ಒಂದು ಬಗೆಗೆ ಹಾಕಿದ ಲಸಿಕೆ ಇನ್ನೊಂದರಿಂದ ಕಾಪಾಡುವುದಿಲ್ಲ. ಒಂದೇ ಬಗೆಯೊಳಗೂ ವೈರಾಣು ರೂಪ ಬದಲಿಸುತ್ತಲೇ ಇರುತ್ತದೆ. ಇಂಟರ್‌ಫೆರಾನಿನ ಕುರಿತು ಆಸಕ್ತಿ ಹುಟ್ಟಲು ಇದೂ ಒಂದು ಕಾರಣ. ಅದು ಬಗೆಗಳ ಭೇದವನ್ನೆಣಿಸದೆ ಕೆಲಸ ಮಾಡುತ್ತದೆ.

ಕೋಳಿಮೊಟ್ಟೆಯಿಂದ ಆರಂಭ

1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಆಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಜೀನ್ ಲಿಂಡೆನ್‌ಮನ್ ಒಂದು ಸರಳ ಪ್ರಯೋಗ ನಡೆಸಿದರು. ಶಾಖದಿಂದ ನಿಷ್ಕ್ರಿಯಗೊಳಿಸಿದ ಇನ್‌ಫ್ಲೂಯೆಂಜಾ ವೈರಾಣುವನ್ನು ಕೋಳಿಮೊಟ್ಟೆಯೊಳಗಿನ ಪೊರೆಯ ತುಣುಕುಗಳೊಂದಿಗೆ ದ್ರವವೊಂದರಲ್ಲಿ ಇರಿಸಿದರು. ಬಳಿಕ ಆ ದ್ರವವನ್ನು ಹೊಸ ಪೊರೆಯ ಮೇಲೆ ಹಾಕಿ ಜೀವಂತ ವೈರಾಣುವನ್ನು ಬಿಟ್ಟರೆ, ಅದು ಬೆಳೆಯಲಿಲ್ಲ. ಸೋಂಕಿನ ಸಂಪರ್ಕಕ್ಕೆ ಬಂದ ಜೀವಕೋಶಗಳು ಯಾವುದೋ ವಸ್ತುವನ್ನು ಹೊರಸೂಸಿ ಇತರ ಜೀವಕೋಶಗಳನ್ನು ಕಾಯುತ್ತಿವೆ ಎಂಬುದು ಇದರಿಂದ ಸ್ಪಷ್ಟವಾಯಿತು. ವೈರಾಣುವಿನ ಬೆಳವಣಿಗೆಗೆ ಅಡ್ಡಬರುವುದರಿಂದ ಅದಕ್ಕೆ ಇಂಟರ್‌ಫೆರಾನ್ ಎಂಬ ಹೆಸರು ಬಂದಿತು. ಇದಕ್ಕೂ ಮೊದಲು, 1954ರಲ್ಲಿಯೇ, ಜಪಾನಿನ ನಗಾನೊ ಮತ್ತು ಕೊಜಿಮಾ ಮೊಲಗಳಲ್ಲಿ ಇಂತಹದೇ ಒಂದು ತಡೆವಸ್ತುವನ್ನು ಕಂಡಿದ್ದರು. ಹೆಸರಿಟ್ಟವರಿಗೆ ಕೀರ್ತಿ ಸಂದಿತು.

ಇಂಟರ್‌ಫೆರಾನ್ ತಾನೇ ವೈರಾಣುವನ್ನು ಕೊಲ್ಲುವುದಿಲ್ಲ. ಅದು ಊರಿಗೆ ಕಳ್ಳರು ನುಗ್ಗಿದಾಗ ಮೊದಲ ಮನೆಯವರು ಹಾಕುವ ಕೂಗಿನಂತೆ. ಆ ಕೂಗನ್ನು ಕೇಳಿದ ಅಕ್ಕಪಕ್ಕದ ಜೀವಕೋಶಗಳು ನೂರಾರು ವಂಶವಾಹಿಗಳನ್ನು ಚಾಲನೆಗೊಳಿಸಿ ಸಿದ್ಧವಾಗುತ್ತವೆ. ಈ ಸಿದ್ಧತೆಯಲ್ಲಿ ಕೆಲವು ಪ್ರೋಟೀನುಗಳು ಒಳನುಗ್ಗಿದ ವೈರಾಣುವಿನ ಆರ್‌ಎನ್‌ಎಯನ್ನು ತುಂಡರಿಸುತ್ತವೆ. ಇನ್ನು ಕೆಲವು ಜೀವಕೋಶದ ಪ್ರೋಟೀನ್ ತಯಾರಿಕೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿ ವೈರಾಣುವಿಗೆ ಕಚ್ಚಾವಸ್ತು ಸಿಗದಂತೆ ಮಾಡುತ್ತವೆ. ದೇಹದ ಬಹುತೇಕ ಎಲ್ಲ ಜೀವಕೋಶಗಳೂ ಈ ವಸ್ತುವನ್ನು ತಯಾರಿಸಬಲ್ಲವಾದರೂ ರೋಗನಿರೋಧಕ ವ್ಯವಸ್ಥೆಯ ಕೆಲವು ವಿಶೇಷ ಬಿಳಿಕಣಗಳು ಅತ್ಯಧಿಕ ಪ್ರಮಾಣದಲ್ಲಿ ತಯಾರಿಸುತ್ತವೆ. ಪ್ರತಿಕಾಯಗಳಿಗೆ ದಿನಗಳು ಬೇಕಾದರೆ ಇದಕ್ಕೆ ಗಂಟೆಗಳು ಸಾಕು.

ಈ ಕುಟುಂಬದ ಇನ್ನೊಂದು ಸದಸ್ಯನ ವಿಷಯ ಹೈನುಗಾರರಿಗೆ ಕುತೂಹಲಕಾರಿಯಾದೀತು. ಹಸು, ಕುರಿಗಳ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ಮೊದಲೇ ಇಂಟರ್‌ಫೆರಾನ್-ಟೌ ಎಂಬುದನ್ನು ಸ್ರವಿಸಿ, ತಾನಿರುವುದನ್ನು ತಾಯಿಯ ದೇಹಕ್ಕೆ ತಿಳಿಸುತ್ತದೆ. ಆ ಸಂಕೇತ ತಲುಪದಿದ್ದರೆ ಗಬ್ಬ ನಿಲ್ಲುವುದಿಲ್ಲ, ಹಸು ಮತ್ತೆ ಬೆದೆಗೆ ಬರುತ್ತದೆ. 1980ರ ದಶಕದಲ್ಲಿ ತಿಳಿದುಬಂದ ಈ ಸಂಗತಿಯ ಆಧಾರದ ಮೇಲೆ, ಗರ್ಭಧಾರಣೆಯಾದ ಮೂರು ವಾರಗಳೊಳಗೆ ರಕ್ತಪರೀಕ್ಷೆಯಿಂದ ಗಬ್ಬ ಗುರುತಿಸುವ ಪ್ರಯತ್ನಗಳು ನಡೆದಿವೆ. ರೋಗಕ್ಕೆ ಸಂಬಂಧವಿಲ್ಲದ ಮಾತಾದರೂ, ವ್ಯಾಪಾರದ ದೃಷ್ಟಿಯಿಂದ ಇದು ಕಡೆಗಣಿಸತಕ್ಕ ಮಾತಲ್ಲ.

ವೈರಾಣುವಿನ ಪ್ರತಿತಂತ್ರ

ದೇಹದಲ್ಲಿ ಇಷ್ಟೊಳ್ಳೆಯ ಕಾವಲು ಇರುವಾಗ ಕಾಲುಬಾಯಿ ಜ್ವರ ಹೇಗೆ ಗೆಲ್ಲುತ್ತದೆ? ಈ ಪ್ರಶ್ನೆಗೆ ಉತ್ತರ ಅಮೆರಿಕದ ಪ್ಲಮ್ ದ್ವೀಪದ ಪ್ರಯೋಗಾಲಯದಿಂದ ಬಂದಿತು. ಇಲ್ಲೊಂದು ಮಾತು ಹೇಳಬೇಕು. ಈ ರೋಗಾಣುವಿಗೂ ದ್ವೀಪಗಳಿಗೂ ಹಳೆಯ ನಂಟು. ಜರ್ಮನಿಯ ಫ್ರೆಡ್‌ರಿಕ್ ಲೋಫ್ಲರ್ ಮತ್ತು ಪೌಲ್ ಫ್ರಾಶ್ 1898ರಲ್ಲಿ, ಬ್ಯಾಕ್ಟೀರಿಯಾಗಳನ್ನು ತಡೆಯುವ ಸೋಸುಕದ ಮೂಲಕವೂ ಹಾದುಹೋಗುವ ಸೂಕ್ಷ್ಮ ರೋಗಕಾರಕವೇ ಕಾಲುಬಾಯಿ ಜ್ವರಕ್ಕೆ ಕಾರಣವೆಂದು ತೋರಿಸಿದರು. ಪ್ರಾಣಿಗಳಲ್ಲಿ ಪತ್ತೆಯಾದ ಮೊದಲ ವೈರಾಣು ಅದು. ಸುತ್ತಲಿನ ದನಗಳಿಗೆ ಸೋಂಕು ತಗಲುವ ಭಯದಿಂದ ಲೋಫ್ಲರ್ ತಮ್ಮ ಕೆಲಸವನ್ನು 1910ರಲ್ಲಿ ಬಾಲ್ಟಿಕ್ ತೀರದ ರೀಮ್ಸ್ ಎಂಬ ದ್ವೀಪಕ್ಕೆ ಸ್ಥಳಾಂತರಿಸಿದರು. ಅಮೆರಿಕವೂ ಅದೇ ಕಾರಣಕ್ಕೆ ನ್ಯೂಯಾರ್ಕ್ ರಾಜ್ಯದ ಕರಾವಳಿಯಾಚೆಯ ಪ್ಲಮ್ ದ್ವೀಪವನ್ನು ಆರಿಸಿಕೊಂಡಿತ್ತು.

ಅಲ್ಲಿನ ವಿಜ್ಞಾನಿಗಳು 1990ರ ದಶಕದಲ್ಲಿ ಕಾಲುಬಾಯಿ ವೈರಾಣುವಿನಿಂದ ಒಂದು ಕಿಣ್ವದ ವಂಶವಾಹಿಯನ್ನು ಕತ್ತರಿಸಿ ತೆಗೆದರು. ಲೀಡರ್ ಪ್ರೋಟೀಯೇಸ್ ಎಂದು ಕರೆಯಲಾಗುವ ಆ ಕಿಣ್ವವಿಲ್ಲದ ವೈರಾಣು ಪ್ರಯೋಗಾಲಯದ ಕೆಲವು ಜೀವಕೋಶಗಳಲ್ಲಿ ಚೆನ್ನಾಗಿಯೇ ಬೆಳೆಯಿತು; ಆದರೆ ಜಾನುವಾರುವಿನ ದೇಹದಲ್ಲಿ ಹರಡಲು ಅದರಿಂದ ಸಾಧ್ಯವಾಗಲಿಲ್ಲ. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಇಂಟರ್‌ಫೆರಾನ್. ಮೂಲ ವೈರಾಣು ಜೀವಕೋಶವನ್ನು ಹೊಕ್ಕ ಕೂಡಲೇ ಈ ಕಿಣ್ವದ ಮೂಲಕ ಆ ಕೋಶದ ಪ್ರೋಟೀನ್ ತಯಾರಿಕಾ ಯಂತ್ರದ ಮುಖ್ಯ ಭಾಗವೊಂದನ್ನು ತುಂಡರಿಸಿಬಿಡುತ್ತದೆ. ಜೀವಕೋಶ ತನ್ನ ಪ್ರೋಟೀನುಗಳನ್ನು ತಯಾರಿಸಲಾರದು, ಇಂಟರ್‌ಫೆರಾನನ್ನೂ ತಯಾರಿಸಲಾರದು. ವೈರಾಣುವಿನ ಪ್ರೋಟೀನುಗಳು ಮಾತ್ರ ಬೇರೊಂದು ದಾರಿಯಿಂದ ತಯಾರಾಗುತ್ತಲೇ ಇರುತ್ತವೆ. ಮೊದಲ ಮನೆಯವರು ಕೂಗುವ ಮೊದಲೇ ಬಾಯಿಗೆ ಬಟ್ಟೆ ತುರುಕಿದಂತೆ.

ಹಾಗಾದರೆ ಹೊರಗಿನಿಂದ ಇಂಟರ್‌ಫೆರಾನ್ ಒದಗಿಸಿದರೆ? ಸೋಂಕು ತಗಲುವ ಮೊದಲೇ ಅದನ್ನು ಪಡೆದ ಜೀವಕೋಶಗಳಲ್ಲಿ ಕಾಲುಬಾಯಿ ವೈರಾಣು ಬೆಳೆಯಲಾರದೆಂಬುದು ಪ್ರಯೋಗಾಲಯದಲ್ಲಿ ಖಚಿತವಾಯಿತು.

ಹಂದಿಯಲ್ಲಿ ಗೆಲುವು, ಹಸುವಿನಲ್ಲಿ ಅರೆಗೆಲುವು

ಪ್ರೋಟೀನನ್ನು ನೇರವಾಗಿ ಚುಚ್ಚಿದರೆ ಅದು ದೇಹದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಆದುದರಿಂದ ಪ್ಲಮ್ ದ್ವೀಪದ ಮಾರ್ವಿನ್ ಗ್ರಬ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಹಂದಿಯ ಆಲ್ಫಾ ಇಂಟರ್‌ಫೆರಾನಿನ ವಂಶವಾಹಿಯನ್ನು, ವೃದ್ಧಿಸುವ ಶಕ್ತಿ ಕಳೆದುಕೊಂಡ ಅಡಿನೋವೈರಾಣುವಿನೊಳಗೆ ಇರಿಸಿದರು. ಕೋವಿಡ್ ಕಾಲದಲ್ಲಿ ಕೋಟ್ಯಂತರ ಭಾರತೀಯರು ಪಡೆದ ಕೋವಿಶೀಲ್ಡ್ ಲಸಿಕೆಯ ವಾಹಕವೂ ಇದೇ ಕುಲಕ್ಕೆ ಸೇರಿದುದು. ಚುಚ್ಚಿದ ವಾಹಕ ಹಂದಿಯ ಜೀವಕೋಶಗಳನ್ನು ಹೊಕ್ಕು, ಅವುಗಳಿಂದಲೇ ಇಂಟರ್‌ಫೆರಾನ್ ಮಾಡಿಸುತ್ತದೆ. 2003ರಲ್ಲಿ ಪ್ರಕಟವಾದ ಫಲಿತಾಂಶ ಗಮನ ಸೆಳೆಯಿತು. ಒಂದೇ ಚುಚ್ಚುಮದ್ದು ಪಡೆದ ಹಂದಿಗಳನ್ನು ಮರುದಿನವೇ ಕಾಲುಬಾಯಿ ವೈರಾಣುವಿಗೆ ಒಡ್ಡಿದಾಗ ಅವು ಸಂಪೂರ್ಣ ರಕ್ಷಣೆ ಪಡೆದಿದ್ದವು. ಈ ರಕ್ಷಣೆ ಉಳಿದದ್ದು ಕೆಲವೇ ದಿನ. ಆದರೆ ಬೇಕಾದದ್ದೂ ಅಷ್ಟೇ ಅಲ್ಲವೇ? ಇಂಟರ್‌ಫೆರಾನ್ ಮತ್ತು ಲಸಿಕೆಗಳನ್ನು ಒಟ್ಟಿಗೆ ನೀಡಿದಾಗ ಮೊದಲ ದಿನಗಳನ್ನು ಇಂಟರ್‌ಫೆರಾನ್ ಕಾಯ್ದಿತು, ಮುಂದಿನ ದಿನಗಳನ್ನು ಲಸಿಕೆ ವಹಿಸಿಕೊಂಡಿತು.

ಹಂದಿಯ ಮಹತ್ವವನ್ನು ಇಲ್ಲಿ ಅರಿಯಬೇಕು. ಸೋಂಕಿತ ಹಂದಿ ಉಸಿರಿನ ಮೂಲಕ ಹೊರಬಿಡುವ ವೈರಾಣುವಿನ ಪ್ರಮಾಣ ಹಸುವಿಗಿಂತ ಎಷ್ಟೋ ಪಾಲು ಹೆಚ್ಚು. ಹಂದಿಸಾಕಣೆ ಪ್ರಧಾನವಾದ ದೇಶಗಳಲ್ಲಿ ಹಂದಿಯನ್ನು ಕಾಯ್ದರೆ ಅರ್ಧ ಯುದ್ಧ ಗೆದ್ದಂತೆ.

ಭಾರತದ ದೃಷ್ಟಿಯಿಂದ ಮುಖ್ಯವಾದದ್ದು ಹಸು, ಎಮ್ಮೆ. ಅಲ್ಲಿ ಫಲಿತಾಂಶ ಅಷ್ಟು ಉಜ್ವಲವಾಗಿರಲಿಲ್ಲ. ಆಲ್ಫಾ ಇಂಟರ್‌ಫೆರಾನ್ ಪಡೆದ ಹಸುಗಳಲ್ಲಿ ರೋಗ ತಡವಾಗಿ, ಸೌಮ್ಯವಾಗಿ ಕಾಣಿಸಿಕೊಂಡಿತೇ ಹೊರತು ನಿಲ್ಲಲಿಲ್ಲ. ಆಗ ಸಂಶೋಧಕರ ದೃಷ್ಟಿ ಹೊರಳಿದ್ದು 2003ರಲ್ಲಿ ಪತ್ತೆಯಾಗಿದ್ದ ಲ್ಯಾಂಬ್ಡಾ ಎಂಬ ಹೊಸ ವರ್ಗದ ಕಡೆಗೆ. ಆಲ್ಫಾಕ್ಕೆ ಓಗೊಡುವ ಗ್ರಾಹಕಗಳು ದೇಹದ ಎಲ್ಲೆಡೆ ಇವೆ. ಲ್ಯಾಂಬ್ಡಾಕ್ಕೆ ಓಗೊಡುವ ಗ್ರಾಹಕಗಳು ಹೆಚ್ಚಾಗಿ ಮೂಗು, ಗಂಟಲು, ಕರುಳುಗಳ ಒಳಪದರದಲ್ಲಿವೆ. ಹಸುವಿನ ದೇಹಕ್ಕೆ ಕಾಲುಬಾಯಿ ವೈರಾಣು ಪ್ರವೇಶಿಸುವುದೂ ಮೂಗು ಗಂಟಲುಗಳ ಮೂಲಕವೇ. ಹಸುವಿನದೇ ಲ್ಯಾಂಬ್ಡಾ ಇಂಟರ್‌ಫೆರಾನನ್ನು ಬಳಸಿ ನಡೆಸಿದ ಪ್ರಯೋಗದ ವರದಿ 2012ರಲ್ಲಿ ಪ್ರಕಟವಾಯಿತು. ರೋಗದ ಆರಂಭ ಗಣನೀಯವಾಗಿ ಮುಂದಕ್ಕೆ ಹೋಗಿತ್ತು, ತೀವ್ರತೆ ಸ್ಪಷ್ಟವಾಗಿ ತಗ್ಗಿತ್ತು. ಸೋಂಕನ್ನು ಬೇರುಸಹಿತ ತಡೆದೆವೆಂದು ಸಂಶೋಧಕರು ಹೇಳಿಕೊಳ್ಳಲಿಲ್ಲ.

ಅದೇ 2012ರಲ್ಲಿ, ಅಡಿನೋವಾಹಕವನ್ನೇ ಬಳಸಿ ತಯಾರಿಸಿದ ಕಾಲುಬಾಯಿ ಲಸಿಕೆಯೊಂದಕ್ಕೆ ಅಮೆರಿಕದ ಕೃಷಿ ಇಲಾಖೆ ಷರತ್ತುಬದ್ಧ ಪರವಾನಗಿ ನೀಡಿತು. ಜೀವಂತ ಕಾಲುಬಾಯಿ ವೈರಾಣುವನ್ನು ಬೆಳೆಸದೆಯೇ ತಯಾರಿಸಬಹುದಾದ ಲಸಿಕೆ ಅದು. ವಾಹಕ ಲಸಿಕೆಗೆ ಬಾಗಿಲು ತೆರೆಯಿತು. ಇಂಟರ್‌ಫೆರಾನ್ ಹೊತ್ತ ವಾಹಕ ಇನ್ನೂ ಹೊಸ್ತಿಲಲ್ಲೇ ನಿಂತಿದೆ.

ರೇಷ್ಮೆಹುಳುವೆಂಬ ಕಾರ್ಖಾನೆ

ಜಾನುವಾರುಗಳ ಮಟ್ಟಿಗೆ ಹೀಗಾದರೂ, ಪ್ರಾಣಿಗಳ ಇಂಟರ್‌ಫೆರಾನ್ ಮಾರುಕಟ್ಟೆಗೆ ಬಂದೇ ಇಲ್ಲವೆಂದಲ್ಲ. ಜಪಾನಿನ ಟೋರೆ ಕಂಪನಿ ಬೆಕ್ಕಿನ ಒಮೆಗಾ ಇಂಟರ್‌ಫೆರಾನನ್ನು 1990ರ ದಶಕದಲ್ಲಿ ಮಾರಾಟಕ್ಕೆ ತಂದಿತು. ಫ್ರಾನ್ಸಿನ ವಿರ್‌ಬಾಕ್ ಕಂಪನಿಯ ವಿರ್‌ಬಾಜೆನ್ ಒಮೆಗಾ ಎಂಬ ಹೆಸರಿನಲ್ಲಿ 2001ರಲ್ಲಿ ಅದಕ್ಕೆ ಐರೋಪ್ಯ ಒಕ್ಕೂಟದ ಪರವಾನಗಿ ದೊರೆಯಿತು. ನಾಯಿಗಳ ಪಾರ್ವೋ ರೋಗಕ್ಕೂ, ಬೆಕ್ಕುಗಳ ಕೆಲವು ವೈರಾಣು ರೋಗಗಳಿಗೂ ಇದನ್ನು ಬಳಸುತ್ತಾರೆ.

ಕನ್ನಡ ನಾಡಿನ ವರ್ತಕರಿಗೆ ಇದರಲ್ಲಿ ಆಸಕ್ತಿದಾಯಕವಾದದ್ದು ತಯಾರಿಕಾ ವಿಧಾನ. ಈ ಔಷಧ ತಯಾರಾಗುವುದು ಉಕ್ಕಿನ ಹಂಡೆಗಳಲ್ಲಲ್ಲ, ರೇಷ್ಮೆಹುಳುಗಳಲ್ಲಿ. ರೇಷ್ಮೆಹುಳುವಿಗೆ ಹಾಲುತೊಂಡೆ ರೋಗ ತರುವ ವೈರಾಣುವಿಗೆ ಬೆಕ್ಕಿನ ವಂಶವಾಹಿಯನ್ನು ಜೋಡಿಸಿ ಹುಳುಗಳಿಗೆ ಸೋಂಕು ತಗಲಿಸುತ್ತಾರೆ. ಹುಳುವಿನ ದೇಹ ಕೆಲವೇ ದಿನಗಳಲ್ಲಿ ಇಂಟರ್‌ಫೆರಾನ್ ತಯಾರಿಸಿ ತುಂಬಿಕೊಳ್ಳುತ್ತದೆ. ಈ ಹಾದಿಯನ್ನು ತೋರಿಸಿಕೊಟ್ಟವರು ಜಪಾನಿನ ಸುಸುಮು ಮಯೆದಾ ಮತ್ತು ಸಂಗಡಿಗರು. 1985ರಲ್ಲಿ ಅವರು ಮಾನವ ಇಂಟರ್‌ಫೆರಾನನ್ನು ರೇಷ್ಮೆಹುಳುವಿನಲ್ಲಿ ತಯಾರಿಸಿದ್ದರು. ಹಾಲುತೊಂಡೆ ಎಂದರೆ ರಾಮನಗರ, ಶಿಡ್ಲಘಟ್ಟ ಭಾಗದ ರೇಷ್ಮೆ ಬೆಳೆಗಾರನ ಎದೆ ಧಸಕ್ಕೆನ್ನುತ್ತದೆ. ಚಂದ್ರಿಕೆಗೆ ಬಿಡುವ ಹೊತ್ತಿಗೆ ಹುಳು ಊದಿಕೊಂಡು ಹಾಲಿನಂತಹ ದ್ರವ ಸೋರಿಸುತ್ತ ಸಾಯುವ ಆ ರೋಗದಿಂದ ಇಡೀ ಬೆಳೆ ಕೈತಪ್ಪುವುದುಂಟು. ಇಲ್ಲಿ ಬೆಳೆ ಕೆಡಿಸುವ ವೈರಾಣುವನ್ನೇ ಅಲ್ಲಿ ಕೂಲಿಗೆ ಹಚ್ಚಿದ್ದಾರೆ. ದೇಶದಲ್ಲಿಯೇ ಅತಿ ಹೆಚ್ಚು ಹಿಪ್ಪುನೇರಳೆ ರೇಷ್ಮೆ ಬೆಳೆಯುವ ರಾಜ್ಯದಲ್ಲಿ, ಹುಳು ಸಾಕುವ ಕೈಗಳೂ ಜೈವಿಕ ತಂತ್ರಜ್ಞಾನದ ಕಂಪನಿಗಳೂ ನೂರು ಕಿಲೋಮೀಟರಿನೊಳಗೆ ಇರುವಾಗ, ಈ ವಿಧಾನ ಹೆಚ್ಚಿನ ಗಮನಕ್ಕೆ ಅರ್ಹವಾಗಿತ್ತು.

ಲೆಕ್ಕ ಕೂಡಿಬರುತ್ತದೆಯೇ

ಇನ್ನು ಬೆಲೆಯ ಮಾತು. ನಾಯಿಗೆ ನಿಗದಿಯಾದ ಪ್ರಮಾಣ ಪ್ರತಿ ಕಿಲೋ ದೇಹತೂಕಕ್ಕೆ 25 ಲಕ್ಷ ಯೂನಿಟ್. ದಿನಕ್ಕೊಮ್ಮೆಯಂತೆ ಮೂರು ದಿನ. 10 ಕಿಲೋ ತೂಗುವ ನಾಯಿಗೆ ದಿನಕ್ಕೆ ಎರಡೂವರೆ ಕೋಟಿ ಯೂನಿಟ್ ಸಾಕು. ಇದೇ ಅಳತೆಯನ್ನು 400 ಕಿಲೋ ತೂಗುವ ಮಿಶ್ರತಳಿ ಹಸುವಿಗೆ ಅನ್ವಯಿಸಿದರೆ 100 ಕೋಟಿ ಯೂನಿಟ್, ಅಂದರೆ 40 ಪಟ್ಟು. ಒಂದು ಜಾತಿಯ ಪ್ರಮಾಣವನ್ನು ಮತ್ತೊಂದಕ್ಕೆ ಹೀಗೆ ಗುಣಿಸಿ ಹೇಳುವುದು ವೈಜ್ಞಾನಿಕವಲ್ಲ. ಆದರೂ ಸಮಸ್ಯೆಯ ಗಾತ್ರ ಇದರಿಂದ ತಿಳಿಯುತ್ತದೆ. ಮನೆಯ ನಾಯಿಗಾಗಿ ಒಡೆಯ ಪ್ರೀತಿಯಿಂದ ಹಣ ತೆರುತ್ತಾನೆ. ಹಸುವಿನ ವಿಷಯದಲ್ಲಿ ಪ್ರೀತಿಯಿದ್ದರೂ ಹಾಲಿನ ಲೆಕ್ಕವನ್ನು ಮೀರಿ ಖರ್ಚು ಮಾಡುವ ಶಕ್ತಿ ರೈತನಿಗಿಲ್ಲ. ಅವನಿಗೆ ಉಚಿತ ಲಸಿಕೆ ಬೇರೆ ಲಭ್ಯವಿದೆ. ವಾಹಕದ ವಿಧಾನದಲ್ಲಿಯೂ ಈ ತೊಡಕು ತಪ್ಪಿಲ್ಲ. ಹಂದಿಗೆ ಸಾಕಾಗುವ ಪ್ರಮಾಣ ಹಸುವಿಗೆ ಸಾಲದು. ಒಮ್ಮೆ ವಾಹಕವನ್ನು ಪಡೆದ ಪ್ರಾಣಿಯಲ್ಲಿ ಆ ವಾಹಕದ ವಿರುದ್ಧವೇ ಪ್ರತಿಕಾಯಗಳು ಬೆಳೆದು ಎರಡನೆಯ ಬಾರಿಯ ಬಳಕೆ ನಿಷ್ಫಲವಾಗುವ ಸಂಭವವೂ ಇದೆ.

ಹೀಗಿರುವಾಗ ಇದನ್ನು ಕೊಳ್ಳುವವರು ಯಾರು? ಆರು ತಿಂಗಳಿಗೊಮ್ಮೆ ಎಲ್ಲ ರಾಸುಗಳಿಗೂ ಹಾಕುವ ವಸ್ತು ಇದಲ್ಲ. ರೋಗ ಕಂಡ ಹಳ್ಳಿಯ ಸುತ್ತ ಕೋಟೆ ಕಟ್ಟಲು ಕೆಲವು ಸಾವಿರ ಪ್ರಾಣಿಗಳಿಗೆ ಒಂದೇ ಬಾರಿ ನೀಡುವ ತುರ್ತು ಸಾಧನ ಇದಾಗಬಲ್ಲದು. ಅಂದರೆ ಗ್ರಾಹಕ ಒಬ್ಬನೇ, ಸರ್ಕಾರ. ಬೇಡಿಕೆ ಯಾವಾಗ ಬರುವುದೆಂದು ಹೇಳಲಾಗದು. ಬಂದಾಗ ಎರಡು ದಿನಗಳೊಳಗೆ ಪೂರೈಕೆಯಾಗಬೇಕು. ಬೆಂಕಿ ಆರಿಸುವ ಯಂತ್ರವನ್ನು ಮಾರುವ ವ್ಯಾಪಾರದಂತಹುದು ಇದು. ದಾಸ್ತಾನಿನ ಖರ್ಚನ್ನು ಮೊದಲೇ ಹೊರಲು ಖಜಾನೆ ಒಪ್ಪದ ಹೊರತು ಖಾಸಗಿ ಉದ್ಯಮಿ ಕೈಹಾಕುವಂತಿಲ್ಲ. ಅಂತಹ ಒಪ್ಪಂದಗಳು ಹೊಸವೇನಲ್ಲ. ಅಮೆರಿಕ ಮತ್ತು ಐರೋಪ್ಯ ಒಕ್ಕೂಟಗಳು ಕಾಲುಬಾಯಿ ಲಸಿಕೆಯ ಮೂಲದ್ರವ್ಯವನ್ನು ಶೈತ್ಯಾಗಾರಗಳಲ್ಲಿ ಕಾಯ್ದಿಟ್ಟುಕೊಂಡೇ ಬಂದಿವೆ.

ರಫ್ತಿನ ನಿಯಮಗಳು ಈ ಲೆಕ್ಕವನ್ನು ಬದಲಿಸಬಹುದೆಂಬ ವಾದವೂ ಇದೆ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಸಂಹಿತೆಯ ಪ್ರಕಾರ, ರೋಗಮುಕ್ತ ಸ್ಥಾನ ಕಳೆದುಕೊಂಡ ದೇಶ ಸೋಂಕಿತ ಪ್ರಾಣಿಗಳನ್ನೂ ಲಸಿಕೆ ಪಡೆದವನ್ನೂ ವಧಿಸಿದರೆ 3 ತಿಂಗಳಲ್ಲಿ ಆ ಸ್ಥಾನವನ್ನು ಮರಳಿ ಪಡೆಯಬಹುದು. ಲಸಿಕೆ ಪಡೆದ ಪ್ರಾಣಿಗಳನ್ನು ಉಳಿಸಿಕೊಂಡರೆ 6 ತಿಂಗಳು ಕಾಯಬೇಕು. ಆ ಮೂರು ತಿಂಗಳ ವ್ಯತ್ಯಾಸ ದೊಡ್ಡ ರಫ್ತುದಾರ ದೇಶಕ್ಕೆ ಸಾವಿರಾರು ಕೋಟಿಗಳ ಮಾತು. ಇಂಟರ್‌ಫೆರಾನ್ ಕಾಲುಬಾಯಿ ವೈರಾಣುವಿನ ವಿರುದ್ಧ ಪ್ರತಿಕಾಯಗಳನ್ನು ಹುಟ್ಟಿಸುವುದಿಲ್ಲವಾದುದರಿಂದ ರಕ್ತಪರೀಕ್ಷೆಯಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಭಾರತದಲ್ಲಿಯೂ ಕರ್ನಾಟಕ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಕಾಲುಬಾಯಿ ಮುಕ್ತ ವಲಯಗಳನ್ನು ರೂಪಿಸುವ ಯೋಜನೆ 2024ರಲ್ಲಿ ಪ್ರಕಟವಾಗಿದೆ. ವಲಯವೊಂದು ಮುಕ್ತವೆಂದು ಘೋಷಿತವಾದ ಮೇಲೆ ಅದರ ಗಡಿಯಲ್ಲಿ ಕಾಣಿಸಿಕೊಳ್ಳುವ ಒಂದು ಜೊಲ್ಲು ಸುರಿಸುವ ಹಸುವಿನ ಬೆಲೆ, ಇಂದು ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚುತ್ತದೆ.

ಬೆಂಗಳೂರಿಗೆ ಈ ವಿಷಯದಲ್ಲಿ ಇರುವ ಸೌಕರ್ಯ ದೇಶದ ಕೆಲವೇ ನಗರಗಳಿಗೆ ಇದೆ. ಹೆಬ್ಬಾಳದಲ್ಲಿ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಶಾಖೆ ದಶಕಗಳಿಂದ ಕಾಲುಬಾಯಿ ವೈರಾಣುವಿನ ಕುರಿತು ದುಡಿಯುತ್ತಿದೆ. ಅಲ್ಲಿಯೇ ರಾಜ್ಯದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ. ಯಲಹಂಕದ ಬಳಿ ಜಾನುವಾರು ರೋಗಗಳ ಹರಡುವಿಕೆಯನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇದೆ. ಮಾಲೂರಿನ ಬಯೋವೆಟ್ ಕಂಪನಿಯ ಚರ್ಮಗಂಟು ರೋಗದ ಲಸಿಕೆಗೆ 2025ರ ಫೆಬ್ರವರಿಯಲ್ಲಿ ಪರವಾನಗಿ ದೊರೆತಿದೆ. 2022ರಲ್ಲಿ ಆ ರೋಗ ಹರಡಿ ದನದ ಸಂತೆ, ಜಾತ್ರೆಗಳು ನಿಂತಾಗ ಮೇಕೆಯ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಿ ಕಾಲ ತಳ್ಳಬೇಕಾಗಿತ್ತು. ಸಂಶೋಧನಾ ಸಂಸ್ಥೆಯಿಂದ ಹೊರಟ ಲಸಿಕೆ ಕಾರ್ಖಾನೆ ದಾಟಿ ಪರವಾನಗಿ ಪಡೆಯುವಷ್ಟರಲ್ಲಿ ಮೂರು ಮುಂಗಾರು ಕಳೆದಿದ್ದವು.